ಒಂದು ವರ್ಷದ ಮಟ್ಟಿಗೆ

ಅಕ್ಟೋಬರ್ 2

ಅಂತೂ ಬಂದು ಬಿದ್ದೆ. ಸ್ಫಾಕ್ಸ್ ಬಂದರಿನಲ್ಲಿ ಫೆರ್ರಿ ಹತ್ತಿದಾಗ ಒಂದು ಪಕ್ಕದಲ್ಲಿ ಕುರಿ, ಇನ್ನೊಂದು ಪಕ್ಕದಲ್ಲಿ ಕುರಿಯ ಒಡತಿ. ಇಬ್ಬರಲ್ಲಿ ಕುರಿಯೇ ಕಡಿಮೆ ಮಾತಾಡಿದ್ದು. ಕೆರ್ಕೆನ್ನಾ ದ್ವೀಪ ತೀರಾ ಹತ್ತಿರ ಬರುವವರೆಗೆ ಕಾಣಲೇ ಇಲ್ಲ, ಅಷ್ಟು ಚಪ್ಪಟೆ. ಮೊದಲು ಖರ್ಜೂರದ ಮರಗಳು ಕಂಡವು. ಅವುಗಳ ಕೆಳಗೆ ನೆಲವೂ ಇದೆ ಎಂದು ಆಮೇಲೆ ಗೊತ್ತಾಯಿತು.

ಇಲಾಖೆಯ ಆದೇಶದಲ್ಲಿ 'ಒಂದು ವರ್ಷದ ಮಟ್ಟಿಗೆ' ಎಂದು ಸ್ಪಷ್ಟವಾಗಿದೆ. ಬೇಸಿಗೆ ಬಂದರೆ ಮತ್ತೆ ಟ್ಯೂನಿಸ್, ನನ್ನ ಮನೆ, ಕೆಳಗಿನ ಬೀದಿಯ ಬೇಕರಿ. ಹೊರಡುವಾಗ ಅಕ್ಕ ನೈಮಾ ಈ ಡೈರಿಯನ್ನು ಕೈಗಿಟ್ಟು, "ದಲೆಂದಾ, ಅಲ್ಲಿ ನಿನ್ನ ನಾಲಿಗೆಗೆ ಯಾರೂ ಸಿಗಲ್ಲ ಕಣೇ. ಇದರಲ್ಲಿ ಬೈದುಕೋ. ಇಲ್ಲಾಂದ್ರೆ ಮೀನಿನ ಹತ್ರ ಜಗಳ ಆಡ್ತೀಯ" ಎಂದಳು. ಹಾಗಾಗಿ ಬರೆಯುತ್ತಿದ್ದೇನೆ.

ಪ್ರೌಢಶಾಲೆಯಲ್ಲಿ ನನಗೆ ಕೊಟ್ಟಿರುವುದು ವರಾಂಡದ ಕೊನೆಯ ಕೋಣೆ. ಬಾಗಿಲ ಮೇಲೆ 'ವೃತ್ತಿ ಮಾರ್ಗದರ್ಶನ' ಎಂಬ ಫಲಕ. ಒಳಗೆ ಒಂದು ಮೇಜು, ಮಕ್ಕಳಿಗೆ ಒಂದು ಬೆಂಚು, ನನಗೆ ಒಂದು ಮರದ ಕುರ್ಚಿ. ಕುರ್ಚಿಯ ದಿಂಬಿನಲ್ಲಿ ಯಾರದೋ ಭಾರ ಕೂತ ಗುಂಡಿ ಹಾಗೇ ಇದೆ. ಶಾಲೆಯ ಜವಾನ ಫ್ರಜ್‌ನನ್ನು ಊರೆಲ್ಲ ಚಿಕ್ಕಪ್ಪ ಎನ್ನುತ್ತದೆ. ಅವನನ್ನು ಕರೆದು ಬೇರೆ ಕುರ್ಚಿ ತರಲು ಹೇಳಿದೆ.

"ಇದು ಮದಾಮ್ ಬಹೀಜಾ ಅವರದು ತಾಯಿ. ಮೂವತ್ತು ವರ್ಷ ಇದರಲ್ಲೇ ಕೂತಿದ್ರು. ಈ ಬೇಸಿಗೇಲಿ ತೀರ್ಕೊಂಡ್ರು."

"ಅದಕ್ಕೇ ಬೇರೆ ತನ್ನಿ ಅಂದಿದ್ದು."

"ಬೇರೆ ಇಲ್ಲ. ಕೂತ್ಕೊಳ್ಳಿ, ಅಭ್ಯಾಸ ಆಗುತ್ತೆ. ಅವರೂ ಒಂದು ವರ್ಷಕ್ಕೆ ಅಂತಲೇ ಬಂದಿದ್ದು."

ಉಳಿಯುವ ಕೋಣೆಯನ್ನೂ ಅವನೇ ಗೊತ್ತು ಮಾಡಿದ್ದಾನೆ. ಸಾಲ್ಹಾ ಎಂಬುವಳ ಮನೆಯ ಮಹಡಿ. ಅಲ್ಲಿಯೂ ಆ ಬಹೀಜಾಳೇ ಇದ್ದಳಂತೆ. ಸಾಲ್ಹಾ ನನ್ನ ಓರಗೆಯವಳು, ಇಬ್ಬರಿಗೂ ನಲವತ್ತೊಂದು. ಅವಳ ಗಂಡ ಸ್ಫಾಕ್ಸ್ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ, ಶನಿವಾರ ಬಂದು ಹೋಗುತ್ತಾನೆ. ಕಾಫಿ ತಂದುಕೊಟ್ಟಳು. ಅದರಲ್ಲಿ ಕಿತ್ತಳೆ ಹೂವಿನ ನೀರು ಹಾಕಿದ್ದಳು. ಸೆಂಟು ಕುಡಿದ ಹಾಗಾಯಿತು. ಕಿಟಕಿಯಿಂದ ಚೆಲ್ಲಿದೆ.

ಅಕ್ಟೋಬರ್ 9

ಮಕ್ಕಳು ನನ್ನನ್ನು 'ಮದಾಮ್ ಬಹೀಜಾ' ಎಂದು ಕರೆಯುತ್ತಾರೆ. ಮೇಷ್ಟ್ರುಗಳೂ ಆಗಾಗ ಬಾಯ್ತಪ್ಪುತ್ತಾರೆ. ಇವತ್ತು ಬೋರ್ಡಿನ ಮೇಲೆ 'ದಲೆಂದಾ' ಎಂದು ದಪ್ಪಕ್ಕೆ ಬರೆದು, "ಓದಿ" ಎಂದೆ. ಎಲ್ಲರೂ ಒಟ್ಟಿಗೆ ಓದಿದರು. ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ಒಬ್ಬ ತಿರುಗಿ, "ಹೋಗಿ ಬರ್ತೀವಿ ಮದಾಮ್ ಬಹೀಜಾ" ಎಂದ. ಕಿಡಿಗೇಡಿತನ ಎನ್ನಲೂ ಆಗುವುದಿಲ್ಲ, ಮುಖದಲ್ಲಿ ನಗುವೇ ಇರಲಿಲ್ಲ.

ಅಕ್ಟೋಬರ್ 21

ಕೊನೆಯ ವರ್ಷದ ಮಕ್ಕಳೊಂದಿಗೆ ನನ್ನ ಹಳೆಯ ಆಟ ಶುರು ಮಾಡಿದೆ. ಟ್ಯೂನಿಸ್‌ನಲ್ಲಿ ಇದರಿಂದ ಎಷ್ಟೋ ಮಕ್ಕಳ ಬಾಯಿ ಬಿಡಿಸಿದ್ದೇನೆ. ಕಣ್ಣು ಮುಚ್ಚಬೇಕು. ಹತ್ತು ವರ್ಷ ಕಳೆದಿದೆ, ಬೆಳಗಾಗಿದೆ. ಮೊದಲು ಏನು ಕೇಳಿಸುತ್ತದೆ, ಮೂಗಿಗೆ ಏನು ಬರುತ್ತದೆ, ಬಾಗಿಲು ತೆಗೆದರೆ ಎದುರಿಗೆ ಯಾರು. ಏನಾಗುತ್ತೀಯ ಎಂದು ಕೇಳಿದರೆ ಅಪ್ಪ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾರೆ. ಹೀಗೆ ಕೇಳಿದರೆ ತಮ್ಮದನ್ನು ಹೇಳುತ್ತಾರೆ.

ಮೊದಲು ನಿದಾಲ್ ಬಂದ. ಫುಟ್‌ಬಾಲ್ ವೀಕ್ಷಕ ವಿವರಣೆ ಕೊಡುವ ಹುಚ್ಚಿನವನು, ಒಂದು ಗಳಿಗೆ ಬಾಯಿ ಮುಚ್ಚುವುದಿಲ್ಲ. ಕಣ್ಣು ಮುಚ್ಚಿದವನು ಸುಮ್ಮನಾದ.

"ಏನು ಕೇಳಿಸ್ತಿದೆ?"

"ಕುರ್ಚಿ ಕಿರುಗುಟ್ತಿದೆ."

"ಅದು ಇಲ್ಲೀದು ಕಣೋ. ನಿನ್ನ ಬೆಳಗಿಂದು ಹೇಳು."

"ನನ್ನ ಬೆಳಗಿಂದೇ ಮದಾಮ್. ನನ್ನ ತಮ್ಮನ್ನ ಕರ್ಕೊಂಡು ಶಾಲೆಗೆ ಬಂದಿದೀನಿ, ಅವನಿಗೆ ಏನು ಓದ್ಸೋದು ಅಂತ ಕೇಳೋಕೆ. ನೀವು ಇಲ್ಲೇ ಕೂತಿದೀರಿ."

"ನಾನು ಬರೋ ಬೇಸಿಗೇಲಿ ಹೊರಟೆ."

"ಇಲ್ಲ, ಇದೀರಿ. ಸ್ವಲ್ಪ ದಪ್ಪ ಆಗಿದೀರಿ. ಹಸಿರು ಶಾಲು ಹೊದ್ದಿದೀರಿ."

ದಪ್ಪ ಎಂದದ್ದಕ್ಕೆ ಕಿವಿ ಹಿಂಡಿ ಕಳಿಸಿದೆ.

ಅಕ್ಟೋಬರ್ 24

ಮೂರು ದಿನ, ಎರಡು ವಿಭಾಗ, ಅದೇ ಮಾತು. ಒಬ್ಬಳು ಔಷಧದ ಅಂಗಡಿ ಇಟ್ಟಿದ್ದಾಳೆ, ಗುಳಿಗೆ ಕೊಳ್ಳಲು ನಾನು ಬರುತ್ತೇನಂತೆ, ಎಡಗಾಲು ಎಳೆಯುತ್ತ. ಇನ್ನೊಬ್ಬ ಪ್ಯಾರಿಸ್‌ನಲ್ಲಿದ್ದಾನೆ, ರಜಕ್ಕೆ ಬಂದಾಗ ನನ್ನ ಕೈಗೆ ಮುತ್ತಿಡುತ್ತಾನೆ. ಎಲ್ಲರ ಬೆಳಗಿನಲ್ಲೂ ಈ ಕುರ್ಚಿಯಲ್ಲಿ ಕೂರುವ ಹಸಿರು ಶಾಲಿನ ಹೆಂಗಸು ಇದ್ದಾಳೆ, ಮತ್ತು ಎಲ್ಲರೂ ಅವಳನ್ನು 'ನೀವು' ಎನ್ನುತ್ತಾರೆ.

ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಬಹೀಜಾ ಮೊನ್ನೆ ಮೊನ್ನೆ ತೀರಿಹೋದವಳು, ಮಕ್ಕಳ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹಬ್ಬಿರುತ್ತದೆ. ಆದರೂ ಇವತ್ತು ಸಂಜೆ ಬಾಗಿಲು ಹಾಕುವಾಗ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟು ಬಂದೆ.

ಅಕ್ಟೋಬರ್ 25

ಕುರ್ಚಿ ಬಾಗಿಲ ಕಡೆಗೆ ತಿರುಗಿತ್ತು. ಗುಡಿಸುವಾಗ ತಿರುಗಿಸಿದೆ ಎಂದ ಫ್ರಜ್ ಚಿಕ್ಕಪ್ಪ. ನೆಲ ಗುಡಿಸಿದ ಹಾಗೆ ಕಾಣಲಿಲ್ಲ.

ನವೆಂಬರ್ 6

ಸಾಲ್ಹಾಳ ಮಗಳು ಮೈಸಮ್ ಕೊನೆಯ ವರ್ಷ, ವಿಜ್ಞಾನ ವಿಭಾಗ. ಒಂದೇ ಮನೆಯಲ್ಲಿದ್ದರೂ ನನ್ನ ಜೊತೆ ಅಷ್ಟಾಗಿ ಬೆರೆಯುವವಳಲ್ಲ. ಇವತ್ತು ಅವಳ ಸರದಿ. ಕಣ್ಣು ಮುಚ್ಚಿದ ಕೂಡಲೇ, "ಗಾಳಿ" ಎಂದಳು. "ಒಣಗಾಳಿ, ಉಪ್ಪಿನ ವಾಸನೆ ಇಲ್ಲ. ಬಾಗಿಲು ತೆಗೆದ್ರೆ ಬೆಟ್ಟ."

"ಯಾವ ಬೆಟ್ಟ?"

"ಗೊತ್ತಿಲ್ಲ. ನಾನು ಬೆಟ್ಟ ನೋಡೇ ಇಲ್ವಲ್ಲ ಮದಾಮ್. ಈ ಊರಲ್ಲಿ ಎತ್ತರ ಅಂದ್ರೆ ಮಸೀದಿ ಗೋಪುರ."

"ಮತ್ತೆ ಯಾರಿದಾರೆ ಅಲ್ಲಿ? ನಾನು ಇದೀನಾ?"

"ನೀವ್ಯಾಕೆ ಇರ್ತೀರಿ?" ಕಣ್ಣು ತೆರೆದು ನಕ್ಕಳು. ಜೇಬಿನಿಂದ ಒಂದು ಕಲ್ಲು ತೆಗೆದು ಮೇಜಿನ ಮೇಲಿಟ್ಟಳು. ಅವಳಪ್ಪ ಒಂದು ಕಾಲದಲ್ಲಿ ಗಾಫ್ಸಾದ ಗಣಿಯಲ್ಲಿದ್ದಾಗ ತಂದದ್ದು. ಕಲ್ಲಿನೊಳಗೆ ಮೀನಿನ ಹಲ್ಲು. "ಬೆಟ್ಟದೊಳಗೆ ಮೀನಿನ ಹಲ್ಲು ಹೇಗೆ ಬಂತು ಅಂತ ಓದಬೇಕು." ಟ್ಯೂನಿಸ್‌ನಲ್ಲಿ ಭೂವಿಜ್ಞಾನ ಓದುವ ಆಸೆ. ತಾಯಿಗೆ ಇಷ್ಟವಿಲ್ಲ. ಸ್ಫಾಕ್ಸ್‌ನಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಇಲ್ಲಿಯೇ ಟೀಚರಾಗಲಿ ಎಂದು ಅವಳ ಹಟ.

ನನಗೆ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನಿಸಿತು. ಇಡೀ ಶಾಲೆಯಲ್ಲಿ ನಾನಿಲ್ಲದ ಬೆಳಗು ಕಂಡದ್ದು ಇವಳೊಬ್ಬಳೇ. ನಿನ್ನ ಅಮ್ಮನ ಜೊತೆ ನಾನು ಮಾತಾಡ್ತೀನಿ ಎಂದೆ. ಇವಳನ್ನು ಟ್ಯೂನಿಸ್‌ಗೆ ಕಳಿಸದೆ ನಾನು ಈ ದ್ವೀಪ ಬಿಡುವುದಿಲ್ಲ.

ಡಿಸೆಂಬರ್ 3

ಎಂಥ ಗಾಳಿ. ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಫ್ರಜ್ ಚಿಕ್ಕಪ್ಪ ಬೀರುವಿನ ತಳದಿಂದ ಒಂದು ಶಾಲು ತೆಗೆದುಕೊಟ್ಟ. ಹೌದು, ಹಸಿರೇ. ಬಣ್ಣ ನೋಡಿ ನಡುಗಿ ಸಾಯಲು ನಾನೇನು ಹುಚ್ಚಿಯಲ್ಲ, ಹೊದ್ದುಕೊಂಡೆ. ಬೆಚ್ಚಗಿದೆ.

ಡಿಸೆಂಬರ್ 27

ಚಳಿಗಾಲದ ರಜಕ್ಕೆ ನೈಮಾಳ ಮನೆಗೆ ಹೋಗಿದ್ದೆ. ವಾರ ಇರಬೇಕೆಂದು ಹೋದವಳು ಮೂರನೆಯ ದಿನಕ್ಕೇ ಹೊರಟು ಬಂದೆ. ಟ್ಯೂನಿಸ್‌ನ ಗದ್ದಲ ತಲೆಗೆ ಹತ್ತಿತು. ಎಲ್ಲಿ ನೋಡಿದರೂ ಗೋಡೆ, ಕಣ್ಣಿಗೆ ದೂರವೇ ಸಿಗುವುದಿಲ್ಲ. ನೈಮಾ ನನ್ನ ಕಾಲು ನೋಡಿ, "ಯಾಕೆ ಕುಂಟ್ತೀಯ?" ಎಂದಳು. ನಾನೆಲ್ಲಿ ಕುಂಟಿದೆ?

ಸಾಲ್ಹಾ ಬಾರ್ಲಿ ರೊಟ್ಟಿ, ಒಣ ಆಕ್ಟೋಪಸ್ಸಿನ ಸಾರು ಮಾಡಿಟ್ಟಿದ್ದಳು. ಹೊಟ್ಟೆ ತುಂಬಿದ್ದು ಇಲ್ಲಿಗೆ ಬಂದ ಮೇಲೆಯೇ.

ಜನವರಿ 19

ಕಾಫಿ ಚೆನ್ನಾಗಿತ್ತು. ಇನ್ನೊಂದು ತೊಟ್ಟು ಹೂವಿನ ನೀರು ಹಾಕು ಎಂದೆ. ಸಾಲ್ಹಾ ನನ್ನ ಮುಖ ನೋಡಿದಳು.

ಫೆಬ್ರವರಿ 11

ನಿದಾಲ್ ಬಾಗಿಲಲ್ಲಿ ತಲೆ ಹಾಕಿ, "ಮದಾಮ್ ಬಹೀಜಾ, ಒಳಗೆ ಬರ್ಲಾ?" ಎಂದ. ಬಾ ಎಂದೆ. ಪ್ರತಿಸಲ ತಿದ್ದುತ್ತ ಕೂತರೆ ಕೆಲಸ ಮಾಡುವುದು ಯಾವಾಗ?

ಮಾರ್ಚ್ 8

ಭಾನುವಾರ. ಮೈಸಮ್ ತನ್ನ ಅಜ್ಜನ ಕಾಲದ ಮೀನುಬೇಲಿ ತೋರಿಸಲು ದೋಣಿಯಲ್ಲಿ ಕರೆದೊಯ್ದಳು. ಇಲ್ಲಿ ಕಡಲಿಗೂ ಹೊಲದಂತೆ ಒಡೆತನವಿದೆ, ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಖರ್ಜೂರದ ಗರಿಗಳನ್ನು ಸಾಲಾಗಿ ನೀರಿನಲ್ಲಿ ನೆಟ್ಟು ದಡದಿಂದ ಆಳದವರೆಗೆ ಉದ್ದ ಬೇಲಿ ಕಟ್ಟುತ್ತಾರೆ. ಬೇಲಿಯ ತುದಿಯಲ್ಲಿ ಒಂದು ದುಂಡನೆಯ ಕೋಣೆ.

"ಇಷ್ಟು ತೆಳು ಬೇಲಿ ಮೀನನ್ನ ಹಿಡಿಯುತ್ತಾ?" ಎಂದೆ.

"ಹಿಡಿಯಲ್ಲ. ಬರೀ ದಾರಿ ತೋರಿಸುತ್ತೆ, ನಿಮ್ಮ ಥರ." ಹುಟ್ಟು ಹಾಕುತ್ತಲೇ ತುಂಟತನ. "ನೀರು ಇಳಿಯೋವಾಗ ಮೀನಿಗೆ ಬೇಲಿ ಅಡ್ಡ ಸಿಕ್ಕಿದ್ರೆ ಅದು ಆಳದ ಕಡೆ ತಿರುಗುತ್ತೆ. ಆಳದಲ್ಲಿ ಕ್ಷೇಮ ಅಂತ ಅದಕ್ಕೆ. ಕೋಣೆ ಇರೋದು ಅಲ್ಲೇ."

"ಹೋದ ದಾರೀಲೇ ವಾಪಸ್ ಬರಬಾರ್ದಾ?"

"ಬರಬಹುದು. ಬಾಗಿಲು ತೆರೆದೇ ಇರುತ್ತೆ. ಆದ್ರೆ ಅದು ಗೋಡೆ ಹಿಡ್ಕೊಂಡು ಸುತ್ತುತ್ತಾ ಇರುತ್ತೆ ಮದಾಮ್, ನಡುವೆ ಇರೋ ಬಾಗಿಲು ಕಾಣ್ಸಲ್ಲ."

ಬಗ್ಗಿ ನೋಡಿದೆ. ನಾಲ್ಕಾರು ಬೆಳ್ಳಿಮೀನುಗಳು ಕೋಣೆಯ ಗೋಡೆಗುಂಟ ನಿಧಾನವಾಗಿ ಸುತ್ತುತ್ತಿದ್ದವು. ಗಾಬರಿಯೇನೂ ಇರಲಿಲ್ಲ. ತುಂಬ ಹೊತ್ತು ನೋಡಿದೆನಂತೆ, ಮೈಸಮ್ ತೋಳು ಹಿಡಿದು ಅಲುಗಿಸಿದಳು. ಕೈಚೀಲದಲ್ಲಿದ್ದ ಫೋನು ನೀರಿಗೆ ಬಿತ್ತು. ಹೋಗಲಿ ಬಿಡು ಎಂದೆ.

ಏಪ್ರಿಲ್ 2

ಟ್ಯೂನಿಸ್‌ಗೆ ಮರಳಲು ಕೊಡಬೇಕಾದ ವರ್ಗಾವಣೆಯ ಅರ್ಜಿಗೆ ನಿನ್ನೆಯೇ ಕೊನೆಯ ದಿನವಾಗಿತ್ತು. ಹೆಡ್‌ಮಾಸ್ಟರು ನೆನಪಿಸಿದ್ದರು ಕೂಡ. ಪರೀಕ್ಷೆ ಹತ್ತಿರ ಬಂದಿದೆ, ನಮ್ಮ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಅರ್ಜಿ ಹಿಡಿದು ಓಡಾಡಲು ಮನಸ್ಸಾಗಲಿಲ್ಲ.

ಮೇ 14

ನೈಮಾ ಶಾಲೆಯ ಆಫೀಸಿಗೇ ಫೋನು ಮಾಡಿದ್ದಳು. "ನಿನ್ನ ದನಿ ಯಾಕೆ ಹೀಗಾಗಿದೆ? ಯಾರೋ ಅಜ್ಜಿ ಮಾತಾಡಿದ ಹಾಗಿದೆ" ಎಂದಳು. ಗಂಟಲು ಕಟ್ಟಿದೆ ಎಂದೆ. "ಒಂದು ಬೈಗುಳ ಬೈ ನೋಡೋಣ" ಎಂದಳು. ಎಷ್ಟು ಯೋಚಿಸಿದರೂ ಒಂದೂ ಬಾಯಿಗೆ ಬರಲಿಲ್ಲ. ಪಾಪ, ಅವಳು ಅತ್ತಳು.

ಜೂನ್ 25

ಕೊನೆಯ ವರ್ಷದವರ ಬ್ಯಾಕ್ ಪರೀಕ್ಷೆಯ ಫಲಿತಾಂಶ. ಬೆಳಗಿನಿಂದ ಒಂದೊಂದೇ ಮನೆಯಿಂದ ಹೆಂಗಸರು ನಾಲಿಗೆ ಹೊರಳಿಸಿ ಸಂತೋಷಕ್ಕೆ ಕೂಗುವ ಉಲುಲು ಕೇಳುತ್ತಿತ್ತು. ಯಾವ ಮನೆಯಿಂದ ಬಂತೋ ಅಲ್ಲಿಯ ಮಗು ಪಾಸು. ನಮ್ಮ ಮನೆಯಲ್ಲಿ ಸಾಲ್ಹಾ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು. ಮೈಸಮ್‌ಗೆ ಒಳ್ಳೆಯ ಅಂಕ ಬಂದಿದೆ, ದೇಶದಲ್ಲಿ ಎಲ್ಲಿ ಬೇಕಾದರೂ ಸೀಟು ಸಿಗುತ್ತದೆ.

ಬಾದಾಮಿ ಶರಬತ್ತು ಕುಡಿಯುತ್ತ ನನಗೆ ಒಮ್ಮೆಲೇ ಎದೆ ಭಾರವಾಯಿತು. ಪ್ರತಿ ಬೇಸಿಗೆಯಲ್ಲೂ ಇದೇ ಆಗುತ್ತದೆ. ಉಲುಲು ಕೇಳಿಸುತ್ತದೆ, ಶರಬತ್ತು ಬರುತ್ತದೆ, ಸೆಪ್ಟೆಂಬರಿಗೆ ಫೆರ್ರಿ ತುಂಬಿ ಹೋಗುತ್ತದೆ. ಯಾರೂ ಮರಳಿ ಬರುವುದಿಲ್ಲ. ಬಂದರೂ ಎರಡು ವಾರಕ್ಕೆ ಬಂದು, ಬಿಸಿಲು ಎಂದು ಗೊಣಗಿ, ಹೋಗುತ್ತಾರೆ.

ಜುಲೈ 9

ಆಯ್ಕೆ ತುಂಬುವ ದಿನಗಳು ಶುರು. ಸರ್ಕಾರದ ಜಾಲತಾಣದಲ್ಲಿ ಯಾವ ಊರಿನಲ್ಲಿ ಏನು ಓದಬೇಕೆಂದು ಮಕ್ಕಳೇ ಅನುಕ್ರಮವಾಗಿ ತುಂಬಬೇಕು. ಪ್ರತಿ ಮಗುವಿಗೂ ಒಂದು ಗುಪ್ತ ಸಂಖ್ಯೆ ಬಂದಿರುತ್ತದೆ, ಯಾರಿಗೂ ಹೇಳಬಾರದೆಂದು ಇಲಾಖೆಯವರು ಎಷ್ಟು ಬಡಿದುಕೊಂಡರೂ ಇಲ್ಲಿ ಯಾರೂ ಕೇಳುವುದಿಲ್ಲ. ತಾಯಂದಿರು ಆ ಸಂಖ್ಯೆಯನ್ನು ತಂದು ನನ್ನ ಕೈಗೆ ಕೊಟ್ಟು, ನೀವೇ ತುಂಬಿ ಎನ್ನುತ್ತಾರೆ. ವೈದ್ಯರಿಗೆ ಕೈ ಚಾಚಿ ನಾಡಿ ಕೊಟ್ಟಷ್ಟೇ ಸಲೀಸು.

ಇವತ್ತು ಸಾಲ್ಹಾಳೂ ಕೊಟ್ಟಳು.

"ಮಗಳು ತುಂಬ್ಕೊಳ್ಳಲ್ವಾ?" ಎಂದೆ.

"ಅವಳಿಗೇನು ಗೊತ್ತು ಮದಾಮ್. ನನ್ನದನ್ನೂ ಅವರೇ ತಾನೆ ತುಂಬಿದ್ದು, ಮದಾಮ್ ಬಹೀಜಾ. ಆಗ ಕಾಗದದ ಫಾರಂ. ನನಗೆ ಟ್ಯೂನಿಸಲ್ಲಿ ಔಷಧಶಾಸ್ತ್ರ ಓದೋ ಆಸೆ ಇತ್ತು. ಅವರು ಸ್ಫಾಕ್ಸ್‌ನ ಏನೋ ಒಂದು ಬರೆದ್ರು. ಹೋಗ್ಲೇ ಇಲ್ಲ ನಾನು. ಮದುವೆ ಆಯ್ತು, ಇಲ್ಲೇ ಉಳಿದೆ." ತಲೆವಸ್ತ್ರದ ತುದಿಯಿಂದ ಮೇಜು ಒರೆಸಿದಳು. "ನನ್ನ ಒಳ್ಳೇದಕ್ಕೇ ಮಾಡಿರ್ತಾರೆ. ಇಲ್ದಿದ್ರೆ ಮೈಸಮ್ ಎಲ್ಲಿರ್ತಿದ್ಲು?"

ನಿಜ. ಸಾಲ್ಹಾ ಇಲ್ಲದಿದ್ದರೆ ಈ ಮನೆಗೆ ದೀಪ ಹಚ್ಚುವವರು ಯಾರು?

ಜುಲೈ 13

ಮೈಸಮ್‌ಳನ್ನು ಕೋಣೆಗೆ ಕರೆಸಿದ್ದೆ. ಬೆಟ್ಟ, ಕಲ್ಲು ಎಲ್ಲ ಕೇಳಲು ಚೆಂದ, ಹೆಣ್ಣುಮಗು ಬಿಸಿಲಿನಲ್ಲಿ ಸುತ್ತಿಗೆ ಹಿಡಿದು ಅಲೆಯುವುದೆಂದರೇನು, ಅಮ್ಮ ಒಬ್ಬಳೇ, ಊರಿನ ಮಕ್ಕಳಿಗೆ ಪಾಠ ಹೇಳುವವರಿಲ್ಲ ಎಂದೆಲ್ಲ ಮೆಲ್ಲಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು.

"ನವೆಂಬರಲ್ಲಿ ನೀವೇ ಅಂದ್ರಿ. ಅಮ್ಮನ ಜೊತೆ ನಾನು ಮಾತಾಡ್ತೀನಿ, ನೀನು ಟ್ಯೂನಿಸ್‌ಗೇ ಹೋಗು ಅಂತ."

"ಅಂದಿರಲ್ಲ ಕಣಮ್ಮ."

ಅವಳು ಸ್ವಲ್ಪ ಹೊತ್ತು ನನ್ನ ಶಾಲಿನ ಅಂಚನ್ನೇ ನೋಡುತ್ತಿದ್ದಳು. ಈ ಸೆಕೆಯಲ್ಲಿ ಶಾಲು ಯಾಕೆ ಎಂದು ಎಲ್ಲರೂ ನೋಡುತ್ತಾರೆ, ಕಿಟಕಿಯ ಗಾಳಿ ಅವರಿಗೇನು ಗೊತ್ತು. ಆಮೇಲೆ ದನಿ ತಗ್ಗಿಸಿ, "ಅಮ್ಮನ ಫಾರಂ ತುಂಬಿದ್ದು ನೆನಪಿದೆಯಾ ಮದಾಮ್?" ಎಂದಳು.

"ನೆನಪಿಲ್ದೆ ಏನು. ನೀಲಿ ಮೇಲಂಗಿ ಹಾಕಿದ್ಲು, ಒಂದು ಗುಂಡಿ ಕಿತ್ತುಹೋಗಿತ್ತು. ಇದೇ ಬೆಂಚಲ್ಲಿ ಕೂತು ಅತ್ಲು. ಎರಡು ದಿನ ಅತ್ತು ಸುಮ್ಮನಾದ್ಲು. ನೀನೂ ಆಗ್ತೀಯ."

ಹುಡುಗಿ ಎದ್ದು ನಿಂತಳು. ಮುಖ ಬಿಳಿಚಿತ್ತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವೋ ಏನೋ. ಬಾಗಿಲವರೆಗೂ ನನಗೆ ಬೆನ್ನು ಮಾಡದೆ ಹಿಂದೆ ಹಿಂದೆ ನಡೆದು ಹೋದಳು. ಒಳ್ಳೆಯ ಸಂಸ್ಕಾರ.

ಜುಲೈ 20

ಇವತ್ತು ತುಂಬಲು ಕೊನೆಯ ದಿನ. ಸಾಯಂಕಾಲದೊಳಗೆ ಮಿಕ್ಕ ಮಕ್ಕಳದನ್ನೆಲ್ಲ ಮುಗಿಸಿ, ಮೈಸಮ್‌ಳದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಮೊದಲ ಸಾಲಿಗೆ ಸ್ಫಾಕ್ಸ್‌ನ ಶಿಕ್ಷಕಿ ತರಬೇತಿ, ಕೆಳಗೆಲ್ಲ ಸ್ಫಾಕ್ಸ್‌ನವೇ. ಕಲ್ಲಿನದು ಬೇಡ. ಒಂದು ಮಗುವನ್ನಾದರೂ ಉಳಿಸಿಕೊಳ್ಳಬೇಕು. ಮುಂದೆ ಈ ಕುರ್ಚಿಗೂ ಯಾರಾದರೂ ಬೇಕಲ್ಲ.

ಸಂಖ್ಯೆ ಹಾಕಿದರೆ ಕಂಪ್ಯೂಟರು ಒಪ್ಪಲಿಲ್ಲ. ಮತ್ತೆ ಹಾಕಿದೆ, ಮತ್ತೆ ಒಪ್ಪಲಿಲ್ಲ. ತಲೆ ಎತ್ತಿದರೆ ಬಾಗಿಲ ಆಚೆ ಮೈಸಮ್ ನಿಂತಿದ್ದಳು. ಹೊಸ್ತಿಲು ದಾಟಲಿಲ್ಲ.

"ನಿನ್ನ ಸಂಖ್ಯೆ ತಗೊಳ್ತಿಲ್ಲ ಮಗಳೇ."

"ಗೊತ್ತು. ನಾನೇ ಬದಲಾಯಿಸ್ದೆ. ತುಂಬಿದ್ದೂ ಆಯ್ತು."

"ಯಾವಾಗ?"

"ಅಮ್ಮನ ನೀಲಿ ಅಂಗಿ ನೆನಪಿದೆ ಅಂದ್ರಲ್ಲ, ಅವತ್ತೇ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನೀವೂ ಅಮ್ಮನೂ ಒಂದೇ ವಯಸ್ಸು." ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಮ್ಮ ಇಲ್ಲಿ ಅಳೋವಾಗ ನೀವು ಟ್ಯೂನಿಸಲ್ಲಿ ನಿಮ್ಮ ಫಾರಂ ತುಂಬ್ತಾ ಇದ್ರಿ. ಎದ್ದು ಈಚೆಗೆ ಬನ್ನಿ ಮದಾಮ್ ದಲೆಂದಾ. ನಾಲ್ಕು ಹೆಜ್ಜೆ ಅಷ್ಟೇ. ಬಾಗಿಲು ತೆರೆದೇ ಇದೆ."

ಕೈ ಚಾಚಿ ನಿಂತಳು. ನನಗೆ ಎಡಗಾಲು ನೋಯುತ್ತಿತ್ತು, ಏಳಲಾಗಲಿಲ್ಲ. ಕೊನೆಗೆ ಅಳುತ್ತ ಹೊರಟುಹೋದಳು. ಈ ಹುಡುಗಿ ಲೆಕ್ಕದಲ್ಲಿ ಚುರುಕು ಎಂದುಕೊಂಡಿದ್ದೆ. ನನಗೂ ಸಾಲ್ಹಾಳಿಗೂ ಒಂದೇ ವಯಸ್ಸಂತೆ.

ಸೆಪ್ಟೆಂಬರ್ 11

ಮೈಸಮ್ ಬೆಳಗಿನ ಫೆರ್ರಿಯಲ್ಲಿ ಹೋದಳು. ಟ್ಯೂನಿಸ್, ಭೂವಿಜ್ಞಾನ. ಸಾಲ್ಹಾ ಎರಡು ವಾರ ಮಗಳ ಜೊತೆ ಮಾತು ಬಿಟ್ಟಿದ್ದವಳು, ಇವತ್ತು ಬೆಳಿಗ್ಗೆ ತಾನೇ ಒಣಮೀನು, ಒಣದ್ರಾಕ್ಷಿ ಎಲ್ಲ ಗಂಟು ಕಟ್ಟಿಕೊಟ್ಟಳು. ಬಂದರಿನಿಂದ ಮರಳಿ ಬಂದವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. "ನನ್ನ ಫಾರಂ ನನಗೆ ವಾಪಸ್ ಸಿಕ್ಕ ಹಾಗಾಯ್ತು ಮದಾಮ್" ಎಂದಳು. ಯಾವ ಫಾರಂ ಎಂದು ನಾನು ಕೇಳಲಿಲ್ಲ.

ಆ ಹುಡುಗಿ ಹೋಗುವ ಮುನ್ನ ನನ್ನ ಮೇಜಿನ ಮೇಲೆ ಮೀನಿನ ಹಲ್ಲಿರುವ ಕಲ್ಲನ್ನು ಇಟ್ಟು ಹೋಗಿದ್ದಾಳೆ. ಅಷ್ಟು ಆಸೆಯ ಕಲ್ಲನ್ನು ನನಗೇಕೆ ಬಿಟ್ಟಳೋ.

ಸೆಪ್ಟೆಂಬರ್ 16

ಶಾಲೆ ಶುರುವಾಯಿತು. ನಮ್ಮ ಹೊಸ ಮಕ್ಕಳು. ಕಾಫಿ, ಹೂವಿನ ನೀರು, ಕಿಟಕಿ. ಬರೆಯುವ ಈ ಪುಸ್ತಕದ ಹಿಂದಿನ ಪುಟಗಳನ್ನು ಇವತ್ತು ತಿರುವಿ ನೋಡಿದೆ. ಕೋಣೆಯಲ್ಲಿ ಮೊದಲು ಇದ್ದವಳು ಯಾರೋ ಬಿಟ್ಟುಹೋದದ್ದು. ಪೂರ್ತಿ ಬೈಗುಳ. ಕುರಿಯನ್ನೂ ಬಿಟ್ಟಿಲ್ಲ. ಓದುತ್ತ ಓದುತ್ತ ನನಗೇ ನಗು ಬಂತು. ಆಮೇಲೆ ಯಾಕೋ ಕಣ್ಣು ತುಂಬಿತು. ಎಂಥ ಗಟ್ಟಿಗಿತ್ತಿ, ಎಲ್ಲಿ ಹೋದಳೋ ಪಾಪ.

ಸೆಪ್ಟೆಂಬರ್ 28

ಮಧ್ಯಾಹ್ನ ಟ್ಯೂನಿಸ್‌ನಿಂದ ಒಬ್ಬ ಹೆಂಗಸು ಬಂದಿದ್ದಳು. ಹೆಸರು ನೈಮಾ. ಮೈಸಮ್ ಅವಳ ಮನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದಳಂತೆ. ಏನು ಹೇಳಿದಳೋ. ಬಂದ ಹೆಂಗಸು ಬಾಗಿಲಲ್ಲಿ ನಿಂತು ನನ್ನನ್ನೇ ದಿಟ್ಟಿಸಿದಳು. ತಂಗಿಯನ್ನು ಹುಡುಕಿಕೊಂಡು ಬಂದಿದ್ದಾಳೆ.

"ಒಂದು ವರ್ಷಕ್ಕೆ ಅಂತ ಬಂದ್ಲು. ಎತ್ತರಕ್ಕೆ ಇದ್ಲು. ಬಾಯಿ ತೆರೆದ್ರೆ ಮುಚ್ತಿರ್ಲಿಲ್ಲ."

"ಒಂದು ವರ್ಷಕ್ಕೆ ಅಂತ ಎಷ್ಟೋ ಜನ ಬರ್ತಾರೆ. ಕೂತ್ಕೊಳ್ಳಿ ತಾಯಿ, ಕಾಫಿ ತರಿಸ್ತೀನಿ."

ಕಾಫಿ ಮೂಗಿನ ಹತ್ತಿರ ತಂದವಳು ಹಾಗೇ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಗೆ ಈ ವಾಸನೆಯೇ ಆಗುತ್ತಿರಲಿಲ್ಲವಂತೆ. ಸಮಾಧಾನ ಮಾಡಲು ನನಗೆ ತಿಳಿದ ದಾರಿ ಒಂದೇ. ಕಣ್ಣು ಮುಚ್ಚಿ, ಹತ್ತು ವರ್ಷ ಕಳೆದಿದೆ ಅಂದ್ಕೊಳ್ಳಿ, ಬೆಳಗಾಗಿದೆ ಎಂದೆ. ಅವಳು ಕಣ್ಣು ಮುಚ್ಚಲಿಲ್ಲ. ನನ್ನ ಎರಡೂ ಕೈ ಹಿಡಿದು, "ನೀನು ಮುಚ್ಚು. ನಿನ್ನ ಮನೆ ಕೆಳಗಿನ ಬೀದೀಲಿ ಬೇಕರಿ ಇದೆ. ಬೆಳಿಗ್ಗೆ ಏನು ವಾಸನೆ ಬರುತ್ತೆ ಹೇಳು" ಎಂದಳು.

ಅವಳ ಮನಸ್ಸು ನೋಯಿಸಬಾರದೆಂದು ಮುಚ್ಚಿದೆ. ಏನೂ ಬರಲಿಲ್ಲ. ತುಂಬ ಹೊತ್ತಾದ ಮೇಲೆ, ಎಳ್ಳು, ಎಂದೆ. ಬಾಯಿಗೆ ಬಂದದ್ದು ಹೇಳಿದೆ ಅಷ್ಟೆ. ಅವಳು ನನ್ನ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಸಂಜೆಯ ಫೆರ್ರಿಗೆ ಬಿಟ್ಟು ಬರಲು ಹೋದೆ. ಬಂದವರನ್ನು ಹಾಗೇ ಕಳಿಸುವುದು ಸರಿಯಲ್ಲ. ಜೇಬಿನಲ್ಲಿ ಆ ಕಲ್ಲಿತ್ತು. ಫೆರ್ರಿಯ ಬಾಯಿ ತೆರೆದು ದಡಕ್ಕೆ ಒರಗಿತ್ತು, ಲಾರಿಗಳು ಒಳಗೆ ಹೋಗುತ್ತಿದ್ದವು. ಬಾ ಎಂದಳು. ನಾಳೆ ಮಕ್ಕಳು ಬರುತ್ತಾರೆ ಎಂದೆ. ಆಕೆ ಬಲವಂತ ಮಾಡಲಿಲ್ಲ, ಒಬ್ಬಳೇ ಒಳಗೆ ನಡೆದಳು. ನಾನು ಮನೆಯ ಕಡೆ ತಿರುಗಿ ನಡೆಯತೊಡಗಿದೆ.

ಹಿಂದಿನಿಂದ ಯಾರೋ ದಲೆಂದಾ ಎಂದು ಕೂಗಿದರು. ನನ್ನನ್ನಲ್ಲ, ಬೇರೆ ಯಾರನ್ನೋ. ಆದರೂ ನಾನು ತಿರುಗಿ ನೋಡಿದೆ.